ಗುಡುಗಿಗೆ ನೆಲ ಹಿಡಿದವನು

ಹೋದ ವಾರ ರಾಯಪುರಂನ ನಮ್ಮ ಹಳೆಯ ಮನೆಯ ಮುಂದೆ ನಿಂತಿದ್ದೆ. ಹತ್ತು ವರ್ಷಗಳ ಮೇಲೆ ಆ ಬೀದಿಗೆ ಕಾಲಿಟ್ಟಿದ್ದು. ಯಾಕೆ ಹೋಗಿದ್ದೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಮನೆಯ ಮುಂಭಾಗವನ್ನು ಒಡೆದು ಯಾರೋ ಅಂಗಡಿ ಮಾಡಿಸುತ್ತಿದ್ದರು. ಬಡಗಿಯೊಬ್ಬ ಹೊಸ ಪ್ಲೈವುಡ್ ಹಲಗೆಗೆ ಅಂಟು ಬಳಿಯುತ್ತಿದ್ದ. ಮಳೆ ಆಗಷ್ಟೇ ನಿಂತಿತ್ತು. ಒದ್ದೆ ಗಾಳಿಯಲ್ಲಿ ಆ ಪ್ಲೈವುಡ್ಡಿನ, ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ. ಬೇರೆಯವರಿಗೆ ಅದು ಹೊಸ ಮನೆಯ, ಹೊಸ ಕಪಾಟಿನ ವಾಸನೆ. ನನಗೆ ಮಾತ್ರ ನಾಳೆ ಇರುವುದಿಲ್ಲ ಎನ್ನುವ ಆಫೀಸಿನ ವಾಸನೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಅದು. ನಮ್ಮ ಕರ್ನಾಟಕದ ಮಳೆಗಾಲವಲ್ಲ, ಮದರಾಸಿನದು. ದೀಪಾವಳಿಯ ಹೊತ್ತಿಗೆ ಸಮುದ್ರದ ಕಡೆಯಿಂದ ಹಿಡಿದರೆ ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸದವರೆಗೂ ಬಿಡದು. ಆ ಮನೆಯಲ್ಲಿ ಆಗ ಇದ್ದವರು ನಾನು ಮತ್ತು ಅವ್ವ ಇಬ್ಬರೇ. ಅಪ್ಪ ಬ್ಯಾಡಗಿ ಮೆಣಸಿನಕಾಯಿಯ ದಲಾಲಿ ಮಾಡುತ್ತಿದ್ದರು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಬಿ.ಕಾಂ. ಮುಗಿಸಿ ಬಂದರಿನ ಹತ್ತಿರ, ಹಡಗಿನ ಸರಕು ಬಿಡಿಸಿಕೊಡುವ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಮನೆ ಬಾಡಿಗೆಯದು. ಆ ವರ್ಷ ಓನರ್ ಬಂದು, "ತೈ ಪೊರಂದಾ ವಿತ್ತುಡಪ್ಪೋರೇನ್ ಅಮ್ಮಾ," ಎಂದರು. ಸಂಕ್ರಾಂತಿ ಕಳೆಯುತ್ತಲೇ ಮನೆ ಮಾರುತ್ತಾರೆ, ಬೇಕಾದರೆ ಮೊದಲ ಅವಕಾಶ ನಿಮಗೇ ಎಂದು.

ಎರಡು ಕೋಣೆಯ, ಗೋಡೆಗೆ ಉಪ್ಪು ಹಿಡಿದ, ಮೀನಿನ ವಾಸನೆಯ ಆ ಮನೆಯನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂದು ನಾನು ನಕ್ಕಿದ್ದೆ. ಅವ್ವ ನಗಲಿಲ್ಲ. ಅವಳಿಗೆ ಆ ಮನೆ ಬೇಕೇ ಬೇಕಾಗಿತ್ತು, ಅದಕ್ಕೆ ಕಾರಣ ನನ್ನ ಸೋದರಮಾವ.

ಮಾವನನ್ನು ನಾನು ನೋಡಿದವಳಲ್ಲ. ಹೆಸರು ಮಲ್ಲಪ್ಪ. ಅವ್ವನಿಗಿಂತ ಆರು ವರ್ಷ ಚಿಕ್ಕವನು. ಹದಿನೇಳು ತುಂಬಿದ ವರ್ಷ ಅಜ್ಜ ಹೊಡೆದರೆಂದು ಗದಗಿನಲ್ಲಿ ರೈಲು ಹತ್ತಿದವನು ತಿರುಗಿ ಬರಲಿಲ್ಲ. ಒಂದೇ ಒಂದು ಕಾರ್ಡು ಬಂದಿತ್ತಂತೆ, ಮದರಾಸಿನ ಅಂಚೆ ಮುದ್ರೆ ಇದ್ದದ್ದು. ಆಮೇಲೆ ಎರಡು ವರ್ಷಕ್ಕೆ ಮದರಾಸಿನ ಗಂಡು ಎಂದ ಕೂಡಲೇ ಅವ್ವ ಮುಖವನ್ನೂ ನೋಡದೆ ಒಪ್ಪಿಕೊಂಡಳೆಂದು ಅಪ್ಪ ತಮಾಷೆ ಮಾಡುತ್ತಿದ್ದರು. "ನಿಮ್ಮವ್ವ ನನ್ನ ಮದುವಿ ಆಗಲಿಲ್ಲೋ ಮಗಳ, ಊರನ್ನ ಮದುವಿ ಆದಳು," ಎನ್ನುವುದು ಅವರ ಮಾತು.

ಮದರಾಸಿನ ನಮ್ಮ ಕನ್ನಡ ಸಂಘದವರು ಪ್ರತಿ ನವೆಂಬರಿನಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದರು. ಅರ್ಧದಷ್ಟು ಜಾಹೀರಾತು, ಇನ್ನರ್ಧ ಸದಸ್ಯರ ಪಟ್ಟಿ. ಮೂಲ ಊರು, ಮನೆದೇವರು, ಮನೆಯಲ್ಲಿ ಎಷ್ಟು ಜನ, ವಿಳಾಸ, ಫೋನ್ ನಂಬರ್ ಎಲ್ಲ ಅದರಲ್ಲಿ. ಪರವೂರಿನಲ್ಲಿ ನಮ್ಮವರು ನಮ್ಮವರಿಗೆ ಸಿಗಲಿ ಎನ್ನುವುದು ಅದರ ಉದ್ದೇಶ. ಅವ್ವ ಅದರಲ್ಲಿ ಪ್ರತಿ ವರ್ಷ ಕಾಲು ಪುಟದ ಜಾಹೀರಾತು ಕೊಡುತ್ತಿದ್ದಳು. ತಮ್ಮ ಮಲ್ಲಪ್ಪ, ಗದಗ ಕಡೆಯವನು, ಎಡಗಿವಿಯ ಹಾಲೆ ಸೀಳಿದೆ. ರೊಟ್ಟಿಯನ್ನು ಅಂಚಿನಿಂದ ಮುರಿಯುವುದಿಲ್ಲ, ನಡುವೆ ತೂತು ಮಾಡಿ ತಿನ್ನುತ್ತಾನೆ. ಮಾತಿಗೊಮ್ಮೆ "ಹೌದಲ್ಲೋ ಮತ್ತ" ಎನ್ನುತ್ತಾನೆ. ನನ್ನನ್ನು ಅಕ್ಕವ್ವ ಎಂದು ಕರೆಯುತ್ತಾನೆ. ಕಂಡವರು ಈ ವಿಳಾಸಕ್ಕೆ ತಿಳಿಸಬೇಕು. ಕೊನೆಗೆ ರಾಯಪುರಂನ ಆ ಮನೆಯ ನಂಬರು, ಬೀದಿ. ಇಪ್ಪತ್ತು ಮಳೆಗಾಲ ಅದೇ ಜಾಹೀರಾತು, ಅದೇ ವಿಳಾಸ. ಮನೆ ಬಿಟ್ಟರೆ ತಮ್ಮ ಎಲ್ಲಿಗೆ ಬರಬೇಕು ಎನ್ನುವುದೇ ಅವಳ ಚಿಂತೆ.

ಅಪ್ಪನ ಅಂಗಡಿ ಬಿಟ್ಟುಕೊಟ್ಟ ಹಣ, ವಿಮೆಯ ಹಣ ಎಲ್ಲ ಸೇರಿ ಅಂಚೆ ಕಚೇರಿಯಲ್ಲಿತ್ತು. ಲೆಕ್ಕ ಹಾಕಿದರೆ ಓನರ್ ಹೇಳಿದ ಬೆಲೆಗೆ ಹತ್ತರಲ್ಲಿ ಒಂದು ಪಾಲು ಕಡಿಮೆ ಬೀಳುತ್ತಿತ್ತು.

ದೀಪಾವಳಿ ಮುಗಿದ ವಾರದಲ್ಲಿ ಫೋನು ಬರತೊಡಗಿತು. ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ. ಎತ್ತಿದರೆ ಆ ಕಡೆ ಮಾತಿಲ್ಲ, ಉಸಿರು ಮಾತ್ರ. ಇಟ್ಟರೆ ಮರುದಿನ ಅದೇ ಹೊತ್ತಿಗೆ ಮತ್ತೆ. ನಾನು ಬೈದು ಇಡುತ್ತಿದ್ದೆ. ಅವ್ವ ಮಾತ್ರ ಬಹಳ ಹೊತ್ತು ಹಿಡಿದುಕೊಂಡು, "ಯಾರಪ್ಪಾ? ಹೇಳೋ ಯಪ್ಪಾ, ಯಾರು?" ಎಂದು ಮೆಲ್ಲಗೆ ಕೇಳುವಳು. ನಾಲ್ಕನೆಯ ದಿನ ಆ ಉಸಿರು ಮಾತಾಡಿತು.

"ಗದಗಿನ ಮೆಣಸಿನಕಾಯಿಯವರ ಮನಿ ಏನ್ರಿ ಇದು?"

ಮದರಾಸಿನಲ್ಲಿ ಹುಟ್ಟಿದ ನನಗೆ ಆ ಮಾತಿನ ರುಚಿ ಅಷ್ಟಾಗಿ ತಿಳಿಯದು. ನಾನೋ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಆದರೆ ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದು ಕಣ್ಣಿಗೆ ಕಟ್ಟಿದೆ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಯಾರೂ ಅವಳೊಂದಿಗೆ ಅವಳ ಊರಿನ ಮಾತಾಡಿರಲಿಲ್ಲ.

ಆ ಧ್ವನಿಯ ಮನುಷ್ಯ ಮುಂದಿನ ಭಾನುವಾರ ಮನೆಗೇ ಬಂದ. ಸಣ್ಣಗೆ ಮಳೆ ಹನಿಯುತ್ತಿತ್ತು. ಐವತ್ತರ ಆಸುಪಾಸು, ಬಿಳಿ ಅಂಗಿ, ತಲೆ ಮತ್ತು ಕಿವಿ ಮುಚ್ಚುವ ಹಾಗೆ ಕಂದು ಬಣ್ಣದ ಮಫ್ಲರ್. ಮದರಾಸಿನಲ್ಲಿ ನವೆಂಬರ್ ಬಂತೆಂದರೆ ಗಂಡಸರು ಹಿಮಾಲಯಕ್ಕೆ ಹೊರಟವರಂತೆ ಮಫ್ಲರ್ ಸುತ್ತಿಕೊಳ್ಳುತ್ತಾರೆ, ಹಾಗಾಗಿ ನನಗೇನೂ ಅನ್ನಿಸಲಿಲ್ಲ. ಕೊಟ್ಟ ಕಾರ್ಡಿನಲ್ಲಿ ಎಂ. ರಾಜ್ ಎಂದಿತ್ತು, ಕೆಳಗೆ ಮೌಂಟ್ ರೋಡಿನ ಒಂದು ಫಂಡಿನ ಹೆಸರು. ಆಗ ಊರ ತುಂಬ ಫಂಡುಗಳು, ಜನರ ಹಣ ಇಟ್ಟುಕೊಂಡು ಭಾರೀ ಬಡ್ಡಿ ಕೊಡುತ್ತೇವೆ ಎನ್ನುವವು. ಬೀದಿಗೊಂದು ಬೋರ್ಡು, ಬೋರ್ಡಿಗೊಬ್ಬ ದೇವರು. ಅವ್ವ ಕಾರ್ಡಿನಲ್ಲಿ ಓದಿದ್ದು ಒಂದೇ ಅಕ್ಷರ. "ಎಂ ಅಂದ್ರ ಏನ್ರಿ?" ಎಂದು ಕೇಳಿದಳು. ಆತ ನಕ್ಕ. "ಏನಾರ ಇರ್ಲಿ ಬಿಡ್ರಿ. ಹಳೇ ಹೆಸರು ಬಿಟ್ಟು ಭಾಳ ವರ್ಷ ಆತು," ಎಂದ.

ಅವ್ವ ಅವತ್ತು ಜೋಳದ ರೊಟ್ಟಿ ಬಡಿದಳು. ಅಪ್ಪನ ವ್ಯಾಪಾರದ ಗೆಳೆಯರು ಮೆಣಸಿನಕಾಯಿ ಲಾರಿಯಲ್ಲಿ ಕಳಿಸುತ್ತಿದ್ದ ಹಿಟ್ಟು, ಹಬ್ಬಕ್ಕೆಂದು ತೆಗೆದಿಟ್ಟದ್ದು. ಶೇಂಗಾ ಚಟ್ನಿ, ಎಣ್ಣೆಗಾಯಿ ಹಾಕಿ ತಟ್ಟೆ ಮುಂದಿಟ್ಟಳು. ಆತ ಬಿಸಿ ರೊಟ್ಟಿಯ ನಡುವೆ ಹೆಬ್ಬೆರಳು ಚುಚ್ಚಿ, ತೂತು ಮಾಡಿ, ಅಲ್ಲಿಂದ ಮುರಿದು ತಿಂದ. "ಇಂಥಾ ರೊಟ್ಟಿ ತಿಂದು ಎಷ್ಟು ವರ್ಷ ಆತು, ಹೌದಲ್ಲೋ ಮತ್ತ," ಎಂದ. ಅವ್ವ ಒಲೆಯ ಕಡೆ ತಿರುಗಿ ಕುಳಿತಳು.

ನಾನು ಹುಚ್ಚಿಯಲ್ಲ. ಆ ರಾತ್ರಿಯೇ ಹೇಳಿದೆ, "ಅವ್ವಾ, ಇದೆಲ್ಲ ಸಂಚಿಕೆಯಲ್ಲಿ ಅಚ್ಚಾಗಿದೆ. ಓದಿದವರು ಯಾರು ಬೇಕಾದರೂ ಹೀಗೆ ಮಾಡಬಹುದು."

"ನನಗ ಗೊತ್ತಿಲ್ಲೇನು?" ಎಂದಳು ಅವ್ವ. "ಬರಿಸಿದಾಕಿ ನಾನ ಅಲ್ಲೇನು?"

ಆಮೇಲೆ ಆತ ವಾರಕ್ಕೆರಡು ಸಲ ಬರತೊಡಗಿದ. ಬರುವ ಸದ್ದೇ ಆಗುತ್ತಿರಲಿಲ್ಲ. ತಲೆ ಎತ್ತಿದರೆ ಬಾಗಿಲಲ್ಲಿ ನಿಂತಿರುತ್ತಿದ್ದ, ಒದ್ದೆ ಚಪ್ಪಲಿ ಆಗಲೇ ಮೂಲೆಯಲ್ಲಿ ಜೋಡಿಸಿಟ್ಟಿರುತ್ತಿತ್ತು. ಹಣದ ಮಾತು ತಾನಾಗಿ ಎತ್ತಲಿಲ್ಲ. ಮನೆಯ ವಿಷಯವನ್ನು ಅವ್ವನೇ ಹೇಳಿದಳು, ಎಷ್ಟು ಕಡಿಮೆ ಬೀಳುತ್ತದೆ ಎನ್ನುವುದನ್ನೂ ಅವಳೇ ಹೇಳಿದಳು. ಆತ ಬೆರಳು ಮಡಚಿ ಲೆಕ್ಕ ಹಾಕಿದ. ತಮ್ಮ ಫಂಡಿನಲ್ಲಿ ಸಂಕ್ರಾಂತಿಯವರೆಗೆ ಇಟ್ಟರೆ ಬರುವ ಬಡ್ಡಿ ಸರಿಯಾಗಿ ಅಷ್ಟೇ ಆಗುತ್ತಿತ್ತು, ಒಂದು ರೂಪಾಯಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ದೇವರೇ ಕಳಿಸಿದ ಹಾಗಿದೆ ಎಂದು ಅವ್ವ ಕೈಮುಗಿದಳು. ನಾವೇ ಅಳತೆ ಕೊಟ್ಟು ಹೊಲಿಸಿಕೊಂಡ ಅಂಗಿ ಅದು, ಮೈಗೆ ಸರಿಯಾಗಿ ಕೂರದೆ ಇನ್ನೇನು? ನನಗೆ ಇದು ಹೊಳೆಯುವಾಗ ಕಾಲ ಮಿಂಚಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆದರೂ ಅವ್ವ ತಡೆದಿದ್ದಳು. ಅಂಚೆ ಕಚೇರಿಯ ಪುಸ್ತಕ ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ. ಅದನ್ನು ಹೊರಗೆ ತಂದದ್ದು ಒಂದು ಗುಡುಗು.

ನವೆಂಬರಿನ ಕೊನೆಯ ಒಂದು ಸಂಜೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ದಿನದಿಂದ ಒಂದೇ ಸಮ ಸುರಿಯುತ್ತಿತ್ತು. ಕರೆಂಟ್ ಹೋಗಿತ್ತು. ಅವ್ವ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಸುತ್ತ ಕೆಂಪು ನೆಲದ ಮೇಲೆ ಹಿಟ್ಟು ಹಾರಿತ್ತು. ಆತ ಚಾಪೆಯ ಮೇಲೆ ಕೂತಿದ್ದ. ಆಕಾಶ ಒಡೆದ ಹಾಗೆ ಗುಡುಗಿತು. ಆತ ಮಾತು ನಿಲ್ಲಿಸಿದ, ಬಲಗೈ ಕೆಳಗಿಳಿಸಿದ, ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದ. ಯಾರ ಮುಖವನ್ನೂ ನೋಡಲಿಲ್ಲ. ಗುಡುಗು ಉರುಳಿ ಉರುಳಿ ಸಮುದ್ರದ ಮೇಲೆ ಅಡಗುವವರೆಗೂ ಹಾಗೇ ಹಿಡಿದುಕೊಂಡಿದ್ದು ಆಮೇಲೆ ಕೈ ತೆಗೆದ.

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು. ಅವ್ವ ಅತ್ತ ನೋಡದೆಯೇ, "ಮಲ್ಲ್ಯಾ," ಎಂದಳು.

ಆತ ಹೇಳಿದ, "ಆ ಹೆಸರ್ಲೆ ನನ್ನ ಕರೀಬ್ಯಾಡ ಅಕ್ಕವ್ವಾ."

ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ಗುಡುಗಿನ ಸಂಗತಿ ಸಂಚಿಕೆಯಲ್ಲಿ ಎಲ್ಲೂ ಇರಲಿಲ್ಲ. ಚಿಕ್ಕಂದಿನಲ್ಲಿ ಗುಡುಗಿದರೆ ಮಾವ ಅಂಜಿ ಕಿರುಚುತ್ತಿದ್ದನಂತೆ. "ನೆಲಾ ಹಿಡಿ, ನೆಲ ಅಂಜೂದಿಲ್ಲ," ಎಂದು ಅವ್ವ ಅವನ ಅಂಗೈಯನ್ನು ನೆಲಕ್ಕೆ ಒತ್ತುತ್ತಿದ್ದಳಂತೆ. ಹಿಟ್ಟಿನಲ್ಲಿ ಮೂಡಿದ ಆತನ ಅಂಗೈ ಗುರುತನ್ನು ಅವ್ವ ಗುಡಿಸಲಿಲ್ಲ. ಒಂದು ವಾರ ಅದು ಅಲ್ಲೇ ಇತ್ತು, ಐದು ಬೆರಳು ಬಿಳುಪಾಗಿ. ರಾತ್ರಿ ನೀರು ಕುಡಿಯಲು ಎದ್ದರೆ ಅದನ್ನು ದಾಟಿ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು.

ಮರುದಿನವೇ ಅಂಚೆ ಕಚೇರಿಯ ಹಣ ಹೊರಬಂತು.

ಮೌಂಟ್ ರೋಡಿನ ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಫಂಡಿನ ಆಫೀಸು. ಬಾಗಿಲು ತಳ್ಳಿದರೆ ಹೊಸ ಪ್ಲೈವುಡ್ಡಿನ, ಅಂಟಿನ ವಾಸನೆ. ಎಲ್ಲ ಹೊಸತು, ಎಲ್ಲ ಮೌನ. ಕೌಂಟರಿನ ಹುಡುಗಿ ನಗುತ್ತ ರಸೀದಿ ಬರೆದಳು. ಗೋಡೆಯಲ್ಲಿ ಚೌಕಟ್ಟು ಹಾಕಿದ ಸರ್ಕಾರಿ ಮುದ್ರೆಯ ಕಾಗದವಿತ್ತು. ನಾನು ಬಿ.ಕಾಂ. ಓದಿದವಳಲ್ಲವೇ, ಹತ್ತಿರ ಹೋಗಿ ಮೊದಲ ಸಾಲು ಓದಿ ತಲೆಯಾಡಿಸಿ ಬಂದೆ. ಕಂಪನಿ ಹುಟ್ಟಿದೆ ಎನ್ನುವ ಪ್ರಮಾಣಪತ್ರ ಅದು, ಜನರಿಂದ ಠೇವಣಿ ತೆಗೆದುಕೊಳ್ಳಬಹುದು ಎನ್ನುವ ಅನುಮತಿ ಅಲ್ಲ. ಎರಡನೆಯ ಸಾಲು ಓದಿದ್ದರೆ ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನೂ ಕಂಡೆ. ಕೆಳಗೆ ಬಿದ್ದ ಪೆನ್ನು ತೆಗೆಯಲು ಬಗ್ಗಿದಾಗ ಮೇಜಿನ ಮೇಲಿದ್ದ ಟೆಲಿಫೋನಿನ ವೈರು ಕಣ್ಣಿಗೆ ಬಿತ್ತು. ಅದು ಎಲ್ಲಿಗೂ ಹೋಗಿರಲಿಲ್ಲ. ಮೇಜಿನ ಕೆಳಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಮೇಲೆ ಆ ಹುಡುಗಿ ಅದೇ ಫೋನನ್ನು ಎತ್ತಿ, "ಎಸ್ ಸಾರ್, ಓಕೆ ಸಾರ್," ಎನ್ನುತ್ತಿದ್ದಳು.

ತಲೆ ಎತ್ತಿ ಅವ್ವನ ಮುಖ ನೋಡಿದೆ. ಅಪ್ಪ ಹೋದ ಮೇಲೆ ಮೊದಲ ಬಾರಿಗೆ ಅವಳು ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಜೀವನದ ದೊಡ್ಡ ತಪ್ಪು ಅದು ಎಂದು ಬಹಳ ದಿನ ಅಂದುಕೊಂಡಿದ್ದೆ. ಅದಕ್ಕೂ ದೊಡ್ಡದು ಆಗಲೇ ನಡೆದುಹೋಗಿತ್ತು.

ಮೊದಲ ತಿಂಗಳ ಬಡ್ಡಿ ಅಲ್ಲೇ ಕೈಗೆ ಬಂತು, ಗರಿಗರಿ ನೋಟು. ಆತ ಮಾರ್ಗಳಿಯ ಒಂದು ಬೆಳಿಗ್ಗೆ ಮತ್ತೊಮ್ಮೆ ಬಂದ. ನಾನು ಸ್ನಾನಕ್ಕೆ ಹೋಗಿದ್ದೆ. ಒಳಗಿನಿಂದ ಅವ್ವ ಏನೋ ಕೇಳಿದ್ದು, ಆತ ಏನೋ ಹೇಳಿ ನಕ್ಕದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. ತಲೆ ಒರೆಸಿಕೊಂಡು ಹೊರಬರುವಾಗ ಚಾಪೆ ಖಾಲಿಯಾಗಿತ್ತು. ತಟ್ಟೆಯಲ್ಲಿ ನಡುವೆ ತೂತು ಬಿದ್ದ ರೊಟ್ಟಿ ಹಾಗೇ ಇತ್ತು. ಅವ್ವ ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಆತ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನೂ ಬರಲಿಲ್ಲ.

ಸಂಕ್ರಾಂತಿಗೆ ಒಂದು ವಾರ ಇರುವಾಗ ನಾನೊಬ್ಬಳೇ ಮೌಂಟ್ ರೋಡಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಕೌಂಟರ್ ಇಲ್ಲ, ಮರದ ಗೋಡೆಗಳಿಲ್ಲ, ಕಾಗದದ ಚೌಕಟ್ಟಿಲ್ಲ. ಫ್ಯಾನು ಮಾತ್ರ ತಿರುಗುತ್ತಿತ್ತು. ಖಾಲಿ ನೆಲದ ನಡುವೆ ಆ ಟೆಲಿಫೋನು, ಅದರ ಪಕ್ಕದಲ್ಲಿ ಸುತ್ತಿದ ವೈರು. ಪ್ಲೈವುಡ್ಡಿನ ವಾಸನೆ ಇನ್ನೂ ಹೋಗಿರಲಿಲ್ಲ. ಯಾಕೆ ಮಾಡಿದೆನೋ, ಬಗ್ಗಿ ಫೋನೆತ್ತಿ ಕಿವಿಗಿಟ್ಟುಕೊಂಡೆ. ಏನೂ ಇಲ್ಲ ಎಂದು ಗೊತ್ತಿದ್ದರೂ ಯಾರೋ ಉಸಿರಾಡಿದ ಹಾಗೆನಿಸಿ ಅಲ್ಲೇ ಬಿಟ್ಟು ಓಡಿಬಂದೆ.

ಮೆಟ್ಟಿಲುಗಳ ಮೇಲೆ ಹತ್ತಾರು ಜನ ಕೈಯಲ್ಲಿ ರಸೀದಿ ಹಿಡಿದು ಕೂತಿದ್ದರು. ಪಲ್ಲಾವರಂನಿಂದ ಬಂದಿದ್ದ ತೆಲುಗಿನ ಹೆಂಗಸೊಬ್ಬಳು ನನ್ನ ಕೈ ಹಿಡಿದುಕೊಂಡಳು. ಅವಳ ಮಗ ತೀರಿಹೋಗಿ ಮೂರು ವರ್ಷವಂತೆ. "ಥೇಟ್ ನನ್ನ ಮಗನ ಹಾಗೆ ನಗುತ್ತಿದ್ದ. ಅವನ ಮಂಚದ ಮೇಲೇ ಮಲಗಿ ಎದ್ದು ಹೋಗುತ್ತಿದ್ದ. ಯಾವ ಊರಿನ ತೆಲುಗು ಗೊತ್ತಾ, ನಮ್ಮೂರಿನದೇ," ಎಂದು ತಮಿಳಿನಲ್ಲಿ ಹೇಳಿದಳು. ನಾನು ಕೇಳಿದೆ, ಮಫ್ಲರ್? ಅವಳು ಹೂಂ ಎಂದಳು. ಅವಳ ಮಗನಿಗೆ ಇಪ್ಪತ್ತೆರಡು, ನನ್ನ ಮಾವನಿಗೆ ಐವತ್ತು. ಒಬ್ಬನೇ ಮನುಷ್ಯ ಇಬ್ಬರೂ ಹೇಗಾದ ಎನ್ನುವುದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ಅವರವರಿಗೆ ಬೇಕಾದವನನ್ನು ಅವರವರೇ ಕಂಡುಕೊಂಡರೋ ಏನೋ.

ಎಲ್ಲರೂ ಸೇರಿ ಪೊಲೀಸಿಗೆ ದೂರು ಕೊಡುವುದೆಂದಾಯಿತು. ನಮ್ಮ ರಸೀದಿ ಅವ್ವನ ಹೆಸರಿನಲ್ಲಿತ್ತು, ಅವಳ ಸಹಿ ಬೇಕಿತ್ತು. ಮನೆಗೆ ಬಂದು ಆಫೀಸು ಖಾಲಿಯಾದ ಸುದ್ದಿ ಹೇಳಿದೆ. ಅವ್ವ ಅಳಲಿಲ್ಲ. ಕಾಗದವನ್ನು ನನ್ನ ಕಡೆಗೇ ಸರಿಸಿದಳು.

"ತಮ್ಮನ ಮ್ಯಾಲೆ ಕಂಪ್ಲೇಂಟ್ ಕೊಡಲೇನು?"

"ಅವನು ಮಾವ ಅಲ್ಲ ಅವ್ವಾ! ಎಲ್ಲ ಸಂಚಿಕೆ ಓದಿ ಆಡಿದ ನಾಟಕ."

"ಗುಡುಗಿಗೆ ನೆಲಾ ಹಿಡಿದನಲ್ಲ," ಎಂದಳು ಅವ್ವ. "ಅದು ಪುಸ್ತಕದಾಗ ಎಲ್ಲೈತಿ, ತೋರಸು."

ಆಗ ನನಗೆ ನೆನಪಾಯಿತು. ಆ ಸಂಜೆಗೆ ಒಂದು ವಾರ ಮೊದಲು ಆತ ಹೊರಟು ನಿಂತಾಗ ಮಳೆ ಜೋರಾಗಿ, ನಾನೂ ಆತನೂ ಮುಂದಿನ ಜಗಲಿಯಲ್ಲಿ ನಿಂತಿದ್ದೆವು. ಗುಡುಗಿತು. ಒಳಗೆ ಅವ್ವ ಎಂದಿನಂತೆ ತನ್ನಷ್ಟಕ್ಕೆ, "ಮಲ್ಲ್ಯಾ, ನೆಲಾ ಹಿಡಿ," ಎಂದಳು. "ಅವ್ವಾರು ಏನೋ ಅಂದ್ರಲ್ಲ?" ಎಂದು ಆತ ಕೇಳಿದ. ಮಳೆ ನಿಲ್ಲುವವರೆಗೆ ಏನಾದರೂ ಮಾತಾಡಬೇಕಲ್ಲ ಎಂದು ನಾನೇ ನಗುತ್ತ ಎಲ್ಲವನ್ನೂ ಹೇಳಿದ್ದೆ. ಹೇಗೆ ಅಂಗೈ ಒತ್ತಬೇಕು ಎಂದು ಜಗಲಿಯ ಕಲ್ಲಿನ ಮೇಲೆ ಮಾಡಿಯೂ ತೋರಿಸಿದ್ದೆ.

ಗಂಟಲಿಗೆ ಬಂದ ಮಾತನ್ನು ನುಂಗಿದೆ. ಹೇಳಿದರೆ ಅವ್ವ ಸಹಿ ಹಾಕುತ್ತಾಳೆ, ಆದರೆ ಬಂದ ತಮ್ಮನನ್ನು ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ಮೋಸ ಮಾಡಿದವನಾದರೂ ತಮ್ಮ ಎನ್ನುವವನೊಬ್ಬ ಉಳಿಯುತ್ತಾನೆ. ಹೀಗೆಲ್ಲ ತರ್ಕ ಮಾಡಿದೆ ಎಂದು ಈಗ ಹೇಳುತ್ತೇನೆ. ನಿಜವೆಂದರೆ ನನಗೆ ಹೆದರಿಕೆಯಾಗಿತ್ತು, ನಾಚಿಕೆಯಾಗಿತ್ತು. ದೂರು ಕೊಟ್ಟವರ ಪಟ್ಟಿಯಲ್ಲಿ ನಮ್ಮ ಹೆಸರು ಸೇರಲಿಲ್ಲ. ಮುಂದೆ ಆ ಪಟ್ಟಿಯವರಿಗೆ ಅಷ್ಟೋ ಇಷ್ಟೋ ಬಂತಂತೆ. ನಮಗೆ ಅದೂ ಇಲ್ಲ.

ಸಂಕ್ರಾಂತಿ ಕಳೆದು ಮನೆ ಬೇರೆಯವರ ಪಾಲಾಯಿತು. ಮಾಧವರಂನಲ್ಲಿ ಹಾಲಿನ ಡೇರಿಯ ಹಿಂದೆ ಒಂದು ಕೋಣೆ ಹಿಡಿದೆವು. ಹೊರಡುವ ದಿನ ಅವ್ವ ಹಿಂತಿರುಗಿ ನೋಡಲಿಲ್ಲ. "ಬಂದು ಹೋದನಲ್ಲ, ಇನ್ನ ಈ ಮನಿ ಯಾಕ?" ಎಂದಳು. ಸಂಚಿಕೆಗೆ ಜಾಹೀರಾತು ಕೊಡುವುದನ್ನೂ ನಿಲ್ಲಿಸಿದಳು. ಆದರೆ ನನಗೆ ಗೊತ್ತಿತ್ತಲ್ಲ, ನಿಜವಾದವನು ಬಂದೇ ಇಲ್ಲ ಎಂದು. ಮಾಧವರಂನಲ್ಲಿ ಫೋನು ಬಂದ ದಿನವೇ ಅವ್ವನಿಗೆ ಹೇಳದೆ ರಾಯಪುರಂಗೆ ಹೋಗಿ, ಹೊಸ ನಂಬರಿನ ಚೀಟಿಯೊಂದನ್ನು ಎದುರಿನ ದಿನಸಿ ಅಂಗಡಿಯ ಯಜಮಾನ ಅಣ್ಣಾಚಿಯ ಕೈಗೆ ಕೊಟ್ಟುಬಂದೆ. ಯಾರಾದರೂ ಕನ್ನಡದ ಅಮ್ಮನನ್ನು ಕೇಳಿಕೊಂಡು ಬಂದರೆ ಕೊಡಿ ಎಂದೆ. ಅವರು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು.

ಅವ್ವ ಐದು ವರ್ಷ ಬದುಕಿದ್ದಳು. ಕೊನೆಯ ಮಳೆಗಾಲದಲ್ಲಿ ಹಾಸಿಗೆ ಹಿಡಿದಾಗ ನನಗೆ ತಡೆಯಲಾಗದೆ ಜಗಲಿಯ ಮಾತು ಹೇಳಿ ಅತ್ತುಬಿಟ್ಟೆ.

"ಗೊತ್ತೈತಿ ಬಿಡು," ಎಂದಳು ಅವ್ವ.

"ಏನು ಗೊತ್ತು?"

"ಮಲ್ಲ್ಯಾನ ಬಿಟ್ರ ಗುಡುಗಿನ ಮಾತು ಬಲ್ಲವರು ನಾವಿಬ್ಬರ. ನಾ ಹೇಳಿಲ್ಲ. ಮತ್ಯಾರು ಹೇಳಿದ್ರು?" ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಮಾರ್ಗಳ್ಯಾಗ ಬಂದಾಗ ಅವಗ ಒಂದು ಕೇಳಿದ್ನಿ. ನನಗ, ಮಲ್ಲ್ಯಾಗ, ಇಬ್ಬರಿಗೇ ಗೊತ್ತಿದ್ದದ್ದು. ಅವ ಏನೋ ಒಂದು ಹೇಳಿ ನಕ್ಕ. ತಪ್ಪಿತ್ತು. ರೊಕ್ಕ ಆಗಲೇ ಹೋಗಿತ್ತು."

"ಮತ್ತೆ ಯಾಕೆ ಸಹಿ ಹಾಕಲಿಲ್ಲ ಅವ್ವಾ?"

"ಪೊಲೀಸರು ಕೇಳತಿದ್ರು, ಅವಗ ಹ್ಯಾಂಗ ಗೊತ್ತಾತು ಅಂತ. ನಾಕು ಮಂದಿ ಮುಂದ ನೀ ಹೇಳಬೇಕಾಗತಿತ್ತು. ರೊಕ್ಕ ಹೋದ್ರ ಹೋತು, ನಿನ್ನ ಮಾರಿ ಹಂಗ ನೋಡೋದು ನನಗ ಬ್ಯಾಡಾಗಿತ್ತು."

ಐದು ವರ್ಷ ಒಂದೇ ಕೋಣೆಯಲ್ಲಿ ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ನನ್ನನ್ನು ಕಾಯುತ್ತಿದ್ದಳು. ಆ ಹೊತ್ತಿನ ಸಂಕಟವನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಅವ್ವ ನನ್ನ ಕಿವಿಗೆ ಬಾಯಿ ಹಚ್ಚಿ ಆ ಪ್ರಶ್ನೆಯನ್ನೂ ಉತ್ತರವನ್ನೂ ಹೇಳಿದಳು. "ಎಲ್ಲೂ ಬರೀಬ್ಯಾಡ," ಎಂದಳು. ಹಾಗಾಗಿ ಇಲ್ಲೂ ಬರೆಯುವುದಿಲ್ಲ.

ನಾನು ಈಗ ಬ್ಯಾಂಕಿನಲ್ಲಿದ್ದೇನೆ. ಶನಿವಾರ ಮಧ್ಯಾಹ್ನ ಕಾಲೊನಿಯ ಹೆಂಗಸರನ್ನು ಕೂರಿಸಿಕೊಂಡು ಹಣಕಾಸಿನ ಬುದ್ಧಿ ಹೇಳುತ್ತೇನೆ. ಡೇರಿಯ ಪಕ್ಕದಲ್ಲೇ ಕೂತು, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಶುರು ಮಾಡಿದರೆ ಅವರು ನಗುತ್ತಾರೆ. ಗೋಡೆಯ ಮೇಲಿನ ಕಾಗದದ ಎರಡನೆಯ ಸಾಲನ್ನೂ ಓದಿ ಎನ್ನುತ್ತೇನೆ. ನಿಮಗೆಷ್ಟು ಕಡಿಮೆ ಬೀಳುತ್ತದೆ ಎಂದು ನೀವು ಮೊದಲು ಹೇಳಬೇಡಿ, ಇರುವುದನ್ನೆಲ್ಲ ಒಂದೇ ಕಡೆ ಇಡಬೇಡಿ, ಎಂಥ ಅವಸರವಿದ್ದರೂ ಮೂರು ದಿನ ತಡೆಯಿರಿ. ನಮ್ಮ ಮಾತು, ನಮ್ಮ ಊರು ಎಂದು ಬಂದವನಿಗೆ ಊಟ ಹಾಕಿ, ಚೆಕ್ ಬರೆಯಬೇಡಿ. ಗುರುತಿಗೊಂದು ಪ್ರಶ್ನೆ ಇಟ್ಟುಕೊಳ್ಳಿ, ಉತ್ತರ ಬರದಿದ್ದರೆ ಬಾಗಿಲು ಹಾಕಿ.

ಅವ್ವ ಹೋದ ಮೇಲೆ ಸಂಚಿಕೆಗೆ ಮತ್ತೆ ಜಾಹೀರಾತು ಕೊಡತೊಡಗಿದೆ. ಕಿವಿಯಿಲ್ಲ, ರೊಟ್ಟಿಯಿಲ್ಲ, ವಿಳಾಸವಿಲ್ಲ. ಮಲ್ಲಪ್ಪ ಎನ್ನುವ ಹೆಸರು, ಒಂದು ಫೋನ್ ನಂಬರ್, ಅಷ್ಟೇ. ಪ್ರತಿ ವರ್ಷ ಐದಾರು ಕರೆ ಬರುತ್ತವೆ. ನಾನೇ ಮಲ್ಲಪ್ಪ, ಆಸ್ಪತ್ರೆಯಲ್ಲಿದ್ದೇನೆ, ಸ್ವಲ್ಪ ಹಣ ಕಳಿಸಮ್ಮಾ ಎನ್ನುವವನು ಒಬ್ಬ. ಮಲ್ಲಪ್ಪನ ಮಗ ಎನ್ನುವವನು ಇನ್ನೊಬ್ಬ. ನಾನು ಪ್ರಶ್ನೆ ಕೇಳುತ್ತೇನೆ. ಎಲ್ಲರ ಹತ್ತಿರವೂ ಉತ್ತರವಿರುತ್ತದೆ, ತಡವರಿಸದೆ ಹೇಳುತ್ತಾರೆ, ಎಲ್ಲವೂ ತಪ್ಪು. ಫೋನು ಇಡುತ್ತೇನೆ.

ಹೋದ ವಾರ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಎತ್ತಿದೆ. ಮಾತಿಲ್ಲ, ಉಸಿರು. ಹಿಂದೆ ಮಳೆಯ ಸದ್ದು. ಆಮೇಲೆ ಮುದಿ ಧ್ವನಿಯೊಂದು, "ಅಕ್ಕವ್ವ ಅದಾಳೇನ್ರಿ?" ಎಂದಿತು.

ಪಾಠ ಕಲಿತವಳಲ್ಲವೇ, ಪ್ರಶ್ನೆ ಕೇಳಿದೆ. ಬಹಳ ಹೊತ್ತು ಮಳೆ ಮಾತ್ರ ಕೇಳಿಸಿತು.

"ನೆನಪಿಲ್ರೀ," ಎಂದಿತು ಧ್ವನಿ. "ಭಾಳ ವರ್ಷ ಆದುವು."

ಫೋನು ಇಟ್ಟುಬಿಟ್ಟೆ. ದೀಪ ಹಚ್ಚಿದೆ, ಅಕ್ಕಿ ತೊಳೆದು ಇಟ್ಟೆ. ಅನ್ನ ಕುದಿಯುವಾಗ ತಟ್ಟನೆ ಹೊಳೆಯಿತು. ಇಷ್ಟು ವರ್ಷದಲ್ಲಿ ಮೋಸ ಮಾಡಲು ಬಂದವರು ಯಾರೂ ನೆನಪಿಲ್ಲ ಎಂದಿರಲಿಲ್ಲ.

ಫೋನಿನ ಪುಟ್ಟ ಪರದೆಯಲ್ಲಿದ್ದ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ರಾಯಪುರಂನ ಅಣ್ಣಾಚಿ. ಅವರ ಅಂಗಡಿಯ ಮುಂದಿನ ಒಂದು ರೂಪಾಯಿಯ ಕಾಯಿನ್ ಫೋನು ಅದು. "ಪೆರಿಯವರ್ ಪೋಯಿಟ್ಟಾರಮ್ಮಾ," ಎಂದರು. ಮುದುಕರು ಹೊರಟುಹೋದರು ಎಂದು.

ಮರುದಿನ ಬೆಳಿಗ್ಗೆ ಹೋಗಿ ಆ ಮನೆಯ ಮುಂದೆ ನಿಂತದ್ದು ಅದಕ್ಕಾಗಿ. ಅಣ್ಣಾಚಿ ಎಲ್ಲ ಹೇಳಿದರು. ಮುದುಕರ ಕೈಯಲ್ಲಿ ಒಂದು ಹಳೆಯ ಪುಸ್ತಕದ ಹರಿದ ಪುಟವಿತ್ತು. ಅದರಲ್ಲಿದ್ದ ಮನೆ ನಂಬರನ್ನು ತೋರಿಸಿ ಕೇಳಿದರು. ದೇವರ ಪಟದ ಹಿಂದಿನ ಚೀಟಿ ತೆಗೆದು, ಊರಿನ ನಂಬರುಗಳೆಲ್ಲ ಬದಲಾಗಿದ್ದರಿಂದ ಹಳೆಯ ನಂಬರಿನ ಮುಂದೆ ಎರಡು ಎನ್ನುವ ಅಂಕಿ ಸೇರಿಸಿ ಅಣ್ಣಾಚಿಯೇ ಒತ್ತಿಕೊಟ್ಟರು. ಮಾತು ಮುಗಿದ ಮೇಲೂ ಮುದುಕರು ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದರಂತೆ. ಆಮೇಲೆ ಮಳೆಯಲ್ಲೇ ರೈಲ್ವೆ ಸ್ಟೇಷನ್ ಕಡೆಗೆ ನಡೆದುಹೋದರು.

"ಎಡಗಿವಿ ನೋಡಿದಿರಾ? ಸೀಳಿತ್ತಾ?" ಎಂದು ಕೇಳಿದೆ.

ತಲೆಗೆ ಟವೆಲ್ ಕಟ್ಟಿಕೊಂಡಿದ್ದರು, ಕಾಣಲಿಲ್ಲ ಎಂದರು ಅಣ್ಣಾಚಿ.

ಮಫ್ಲರಿನವನ ಹತ್ತಿರವೂ ಅದೇ ಪುಟ ಇದ್ದಿರಬೇಕು. ಈ ಮುದುಕ ಅವನೇ ಇರಬಹುದು, ವಯಸ್ಸಾಗಿ, ಹೊಸ ಆಟ ಕಲಿತು ಬಂದಿರಬಹುದು. ಇದನ್ನೆಲ್ಲ ನಾನು ಬಲ್ಲೆ. ಆದರೆ ಹದಿನೇಳರಲ್ಲಿ ಮನೆ ಬಿಟ್ಟವನಿಗೆ ಒಂದು ಮಾತು ಮರೆತುಹೋಗಿರಬಹುದು, ಅದನ್ನು ನಾನೂ ಅವ್ವನೂ ಯೋಚಿಸಿರಲೇ ಇಲ್ಲ. ಆ ಇಡೀ ದಿನ ಸ್ಟೇಷನ್ನಿನ ಬೆಂಚುಗಳನ್ನೆಲ್ಲ ಹುಡುಕಿದೆ. ಮಧ್ಯಾಹ್ನ ಗುಡುಗಿದಾಗ, ಯಾರಾದರೂ ಬಗ್ಗಿ ನೆಲಕ್ಕೆ ಕೈ ಹಚ್ಚುತ್ತಾರೇನೋ ಎಂದು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನೋಡಿದೆ. ಯಾರೂ ಹಚ್ಚಲಿಲ್ಲ.

ಸಂಜೆ ಮತ್ತೆ ಅಣ್ಣಾಚಿಯ ಅಂಗಡಿಗೆ ಬಂದು ಪೆನ್ನು ಕೇಳಿ ಹೊಸ ಚೀಟಿ ಬರೆದೆ. ಈ ಸಲ ನಂಬರಿನ ಜೊತೆ ಮನೆಯ ವಿಳಾಸವನ್ನೂ ಬರೆದೆ. ಶನಿವಾರದ ಹೆಂಗಸರು ನನ್ನನ್ನು ಅಲ್ಲಿ ನೋಡಿದ್ದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ರೊಟ್ಟಿಯನ್ನಂತೂ ಕೊಡುತ್ತೇನೆ. ಅಣ್ಣಾಚಿ ಚೀಟಿಯನ್ನು ಮಡಚಿ ಪಟದ ಹಿಂದೆ ಸಿಕ್ಕಿಸುತ್ತ, ಮತ್ತೆ ಬಂದರೆ ಏನಾದರೂ ಹೇಳಬೇಕೇ ಎಂದು ಕೇಳಿದರು.

"ಹೇಳಿ," ಎಂದೆ. "ನಾನು ಏನೂ ಕೇಳುವುದಿಲ್ಲ ಅಂತ ಹೇಳಿ."